ಲೋಟದ ತಳದಲ್ಲಿ ರಿಪೇರಿ ಅಂದಾಜು

ಒಂದು ಮನೆಯನ್ನು ಹೊಕ್ಕು, ಹತ್ತು ನಿಮಿಷದಲ್ಲಿ ಹೊರಗೆ ಬಂದು, ಇದರ ರಿಪೇರಿಗೆ ಇಷ್ಟಾಗುತ್ತದೆ ಎಂದು ಹೇಳುವ ವಿದ್ಯೆ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ. ನಾಲ್ಕು ಜನ ಗಂಡಸರು ಕೂತ ಕಡೆ ನನಗೆ ಮಾತು ಹೊರಡುವುದಿಲ್ಲ. ಬರೆದರೆ ಹೊರಡುತ್ತದೆ. ನೀವೀಗ ಇರುವ ಮನೆ ಹೇಗೆ ಬಂತು ಎಂದು ನಿಮ್ಮಪ್ಪನನ್ನು ಕೇಳಿದರೆ ಅವರು ಒಂದು ಕತೆ ಹೇಳುತ್ತಾರೆ. ಆ ಕತೆಯಲ್ಲಿ ಅವರೊಬ್ಬರೇ ಇರುತ್ತಾರೆ. ಮೊಮ್ಮಕ್ಕಳೇ, ಉಳಿದವರೂ ಇರುವ ಕತೆ ಇದು.

ನಿಮ್ಮಪ್ಪ ಆಲೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದರು. ಜನ ಮೊಬೈಲನ್ನೂ ಮೊಬೈಲಿನಲ್ಲೇ ತರಿಸಿಕೊಳ್ಳಲು ಶುರು ಮಾಡಿದ ಮೇಲೆ ಅಂಗಡಿಯಲ್ಲಿ ಕೂತು ವಿಡಿಯೋ ನೋಡುವುದೊಂದೇ ಕೆಲಸವಾಯಿತು. ಹಾಗೆ ನೋಡುತ್ತಾ ಹಳೆ ಮನೆ ಕೊಂಡು, ರಿಪೇರಿ ಮಾಡಿ, ಮಾರುವ ವ್ಯಾಪಾರ ಅವರ ಕಣ್ಣಿಗೆ ಬಿತ್ತು. ಅದನ್ನು ಫ್ಲಿಪ್ ಮಾಡುವುದು ಎನ್ನುತ್ತಾರಂತೆ. ರೊಟ್ಟಿ ಮಗುಚಿದ ಹಾಗಾ ಎಂದು ನಾನು ನಿಮ್ಮಮ್ಮನನ್ನು ಕೇಳಿದೆ. 'ಹೂಂ ಕಣವ್ವ, ಸೀಯೋದೂ ಹಂಗೇ' ಅಂದಳು.

ನಮ್ಮ ಸಕಲೇಶಪುರದ ಕಡೆ ಈ ವ್ಯಾಪಾರಕ್ಕೆ ಒಂದು ವಿಚಿತ್ರವಿದೆ. ಹೆಂಚಿನ ಮನೆ ಸಿಕ್ಕರೆ ಅದಕ್ಕೆ ಖರ್ಚು ಮಾಡಿ ಹೊಸದು ಮಾಡಬೇಕು. ತಾರಸಿ ಮನೆ ಸಿಕ್ಕರೆ ಅದಕ್ಕೆ ಇನ್ನೂ ಹೆಚ್ಚು ಖರ್ಚು ಮಾಡಿ ಹಳೇದು ಮಾಡಬೇಕು. ಹೋಂಸ್ಟೇ ಮಾಡುವವರು ಬಂದು ನೋಡುವಾಗ ಕಾಂಕ್ರೀಟಿನ ಮೇಲೆ ಹೆಂಚು ಕೂತಿರಬೇಕು, ಸಿಮೆಂಟಿನ ಕಂಬಕ್ಕೆ ಮರದ ಬಣ್ಣ ಬಳಿದಿರಬೇಕು, ಯಾರದೋ ಹಿತ್ತಿಲಲ್ಲಿ ಬಿದ್ದಿದ್ದ ಒರಳುಕಲ್ಲು ಬಾಗಿಲ ಮುಂದೆ ಇರಬೇಕು. ನಾವು ಬೆನ್ನು ನೋಯಿಸಿಕೊಂಡು ರುಬ್ಬಿ, ಮಿಕ್ಸಿ ಬಂದ ದಿನ ಉರುಳಿಸಿ ಬಿಟ್ಟ ಕಲ್ಲು ಅದು. ಈಗ ಅದಕ್ಕೆ ಹೂವಿನ ಕುಂಡಕ್ಕಿಂತ ಹೆಚ್ಚು ಬೆಲೆ.

ನಿಮ್ಮಪ್ಪನ ಅಂದಾಜಿನ ಸಲಕರಣೆ ಎರಡು. ಒಂದು, ಗುಂಡಿ ಒತ್ತಿದರೆ ಗೋಡೆಯ ಮೇಲೆ ಕೆಂಪು ಚುಕ್ಕೆ ಬಿದ್ದು ಅಳತೆ ತೋರಿಸುವ ಯಂತ್ರ. ಇನ್ನೊಂದು, ಆ ಅಳತೆಯನ್ನು ಒಳಗೆ ಹಾಕಿದರೆ ಖರ್ಚು ಹೇಳುವ ಮೊಬೈಲಿನ ಆಪು. ಅವರ ಜೊತೆ ಬರುತ್ತಿದ್ದ ಮೇಸ್ತ್ರಿಗೆ ಸಲಕರಣೆ ಬೇಕಿರಲಿಲ್ಲ. ಅವನು ಮನೆಯನ್ನು ನೋಡುತ್ತಲೇ ಇರಲಿಲ್ಲ, ಕೊಳ್ಳುವವರ ಚಪ್ಪಲಿ ನೋಡಿ ಅಂದಾಜು ಹೇಳುತ್ತಿದ್ದ. ಮೊದಲನೆಯ ಮನೆಯಲ್ಲಿ ಒಂದಿಷ್ಟು ಉಳಿಯಿತು. ಎರಡನೆಯದನ್ನು ನೋಡಲು ಹೋದಾಗ ನಿಮ್ಮಮ್ಮನ ಜೊತೆ ನಾನೂ ಹೋಗಿದ್ದೆ. ವಾಪಸು ಬರುವಾಗ ನಾನು ಅವಳಿಗೆ ಮೆಲ್ಲಗೆ ಹೇಳಿದ್ದೆ, 'ಆ ಬಚ್ಚಲ ನೀರು ಹೊರಗೆ ಹೋಗ್ತಿಲ್ಲ, ಗೋಡೆ ಕುಡೀತಾ ಐತೆ' ಅಂತ. ಅವಳು ನಿಮ್ಮಪ್ಪನಿಗೆ ಹೇಳಿದಳು, ಅವರು ಕೇಳಲಿಲ್ಲ, ಕೆಂಪು ಚುಕ್ಕೆ ಆ ಗೋಡೆಯ ಮೇಲೂ ಚೆನ್ನಾಗಿಯೇ ಬಿದ್ದಿತ್ತು. ಮನೆ ಕೊಂಡು ಬಚ್ಚಲನ್ನು ಅಗೆದಾಗ ಗೋಡೆಯೇ ಕುಸಿಯಿತು. ಮೊದಲನೆಯ ಮನೆಯಲ್ಲಿ ಉಳಿದದ್ದು ಎರಡನೆಯದರ ಬಚ್ಚಲಿಗೆ ಹೋಯಿತು. ಅಂದಿನಿಂದ ಮನೆ ನೋಡಲು ಹೋಗುವಾಗಲೆಲ್ಲ ನನ್ನನ್ನೂ ಕರೆದುಕೊಂಡು ಹೋಗುವ ಪದ್ಧತಿಯಾಯಿತು.

ಈ ವಿದ್ಯೆ ನನಗೆ ಬಂದದ್ದು ನಿಮ್ಮ ಅಜ್ಜನಿಂದ. ಅವರು ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಪ್ರತಿ ಬೇಸಿಗೆಯಲ್ಲೂ ಸಾಲಾಗಿ ಕಟ್ಟಿದ ಕೆಲಸಗಾರರ ಲೈನ್ ಮನೆಗಳ ರಿಪೇರಿಗೆ ಎಷ್ಟಾಗುತ್ತದೆ ಎಂದು ಅವರು ಬರೆದು ಕೊಡಬೇಕಿತ್ತು. ಇಪ್ಪತ್ತನಾಲ್ಕು ಮನೆ. ಅವರು ಹೋದರೆ ಹೆಂಗಸರು ಬಾಗಿಲಲ್ಲೇ ನಿಂತು ಎಲ್ಲ ಸರಿಯಾಗಿದೆ ಎನ್ನುತ್ತಿದ್ದರು, ಅಡುಗೆ ಒಲೆಯ ತನಕ ಗಂಡಸನ್ನು ಯಾರು ಬಿಡುತ್ತಾರೆ. ಹಾಗಾಗಿ ನನ್ನನ್ನು ಕಳಿಸುತ್ತಿದ್ದರು. ಒಂದೇ ಬೆಳಗಿಗೆ ಇಪ್ಪತ್ತನಾಲ್ಕು ಅಡುಗೆಮನೆ ನೋಡಿ ಬಂದು, ಮೊದಲನೆಯದಕ್ಕೆ ನಲವತ್ತು ಹೆಂಚು, ಮೂರನೆಯದಕ್ಕೆ ಬಾಗಿಲ ಚೌಕಟ್ಟು, ಏಳನೆಯದಕ್ಕೆ ಎರಡು ಆಳು ಒಂದು ದಿನ ಎಂದು ನಾನು ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಮ್ಯಾನೇಜರು ಅದನ್ನು ಅರ್ಧ ಮಾಡುತ್ತಿದ್ದರು. ಮರುವರ್ಷ ಅಜ್ಜ ಎರಡರಷ್ಟು ಬರೆದರು. ಮ್ಯಾನೇಜರು ಕಾಲು ಭಾಗ ಮಾಡಿದರು. ಇಬ್ಬರೂ ನಿವೃತ್ತರಾಗುವ ತನಕ ಒಬ್ಬರನ್ನೊಬ್ಬರು ಗೆದ್ದೆವು ಎಂದುಕೊಂಡಿದ್ದರು. ಹೆಂಚು ಮಾತ್ರ ಪ್ರತಿ ವರ್ಷ ಅಷ್ಟೇ ಬಂತು.

ನನ್ನ ಕ್ರಮ ಇಷ್ಟೇ. ಮನೆಯನ್ನು ನೋಡಬಾರದು, ಆ ಮನೆಯವರು ಯಾವ ಸಾಮಾನನ್ನು ಎಲ್ಲಿಟ್ಟಿದ್ದಾರೆ ಎಂದು ನೋಡಬೇಕು. ಅಕ್ಕಿ ಡಬ್ಬ ಗೋಡೆಯಿಂದ ಒಂದು ಮೊಳ ಈಚೆಗೆ ಬಂದಿದ್ದರೆ ಗೋಡೆಯಲ್ಲಿ ತೇವವಿದೆ. ನೆಲದ ಮೇಲೆ ಬಕೆಟ್ಟಿನ ತಳದಷ್ಟು ಗುಂಡನೆಯ ಕಲೆ ಇದ್ದರೆ ಮೇಲೆ ಸೋರುತ್ತದೆ. ನಮ್ಮ ಕಡೆ ಮಾರುವ ಮನೆಗಳನ್ನು ತೋರಿಸುವುದೇ ಮಾರ್ಚ್ ಏಪ್ರಿಲ್‌ನಲ್ಲಿ, ಆಗ ಯಾವ ಮನೆಯೂ ಸೋರುವುದಿಲ್ಲ. ಬಾಗಿಲ ಚೌಕಟ್ಟಿನ ಬುಡಕ್ಕೆ ಸೀರೆ ಸರಿಮಾಡಿಕೊಳ್ಳುವ ಹಾಗೆ ಬಗ್ಗಿ ಬೆರಳ ಗೆಣ್ಣಿನಿಂದ ತಟ್ಟಿದರೆ ಗೆದ್ದಲು ತಿಂದಿದೆಯೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತದೆ. ಇದಕ್ಕೆಲ್ಲ ನನಗೆ ಬಿಡುವು ಸಿಗುವುದು ಕುಂಕುಮದ ಹೊತ್ತಿನಲ್ಲಿ. ಮನೆಯಾಕೆ ಕುಂಕುಮದ ಬಟ್ಟಲು ತಂದು ನಿಮ್ಮಮ್ಮನಿಗೆ ಕೊಡುತ್ತಾಳೆ. ನನಗೆ ಕೊಡುವ ಹಾಗಿಲ್ಲ, ಕೊಡದಿರಲು ಅವಳಿಗೆ ಮುಜುಗರ, ಹಾಗಾಗಿ ನನ್ನ ಕಡೆ ತಿರುಗುವುದೇ ಇಲ್ಲ. ಆ ಎರಡು ನಿಮಿಷ ಅಡುಗೆಮನೆ ಪೂರ್ತಿ ನನ್ನದು. ಗಂಡ ಸತ್ತ ಮೇಲೆ ನನಗೆ ಸಿಕ್ಕ ಅನುಕೂಲ ಅದೊಂದೇ.

ಅಂದಾಜನ್ನು ನಿಮ್ಮಪ್ಪನಿಗೆ ತಲುಪಿಸುವುದು ಕಷ್ಟವಾಗಿತ್ತು. ಅಳಿಯನ ಎದುರು ನಿಂತು ಮಾತಾಡುವುದು ನಮ್ಮಲ್ಲಿ ರೂಢಿಯಿಲ್ಲ. ಏನಿದ್ದರೂ ಮಗಳಿಗೆ ಹೇಳಿ, ಮಗಳು ಅವರಿಗೆ ಹೇಳಬೇಕು. ಮಾರುವವರ ಎದುರು ಅವಳೂ ಪಿಸುಗುಟ್ಟುವಂತಿಲ್ಲ. ಅದಕ್ಕೆ ಉಪಾಯ ಕಂಡುಹಿಡಿದದ್ದು ನಿಮ್ಮಪ್ಪನೇ. ಎಲ್ಲಿ ಹೋದರೂ ಕಾಫಿ ಕೊಟ್ಟೇ ಕೊಡುತ್ತಾರೆ. ನಾನು ಅಡುಗೆಮನೆಯಲ್ಲಿ ಕುಡಿದು, ಲೋಟವನ್ನು ತಂದು ನಡುಮನೆಯ ಬಾಗಿಲ ಹತ್ತಿರ ಇಡಬೇಕು. ಲೋಟದಲ್ಲಿ ಒಂದು ಬೆರಳು ಕಾಫಿ ಉಳಿದಿದ್ದರೆ ರಿಪೇರಿ ಎರಡು ಲಕ್ಷ. ಎರಡು ಬೆರಳಿಗೆ ನಾಲ್ಕು. ಮುಟ್ಟದೆ ಪೂರ್ತಿ ಬಿಟ್ಟಿದ್ದರೆ ಎದ್ದು ಚಪ್ಪಲಿ ಹಾಕಿಕೊಳ್ಳಬೇಕು. ಖಾಲಿ ಮಾಡಿದ್ದರೆ ಬಣ್ಣ ಬಳಿದರೆ ಸಾಕು, ಕೊಂಡುಬಿಡಿ ಎಂದರ್ಥ. ಸ್ಟೀಲಿನ ಲೋಟ ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಅವರು ಏನಾದರೂ ನೆವ ಮಾಡಿಕೊಂಡು ಬಗ್ಗಿ ನೋಡುತ್ತಿದ್ದರು. ನಾಲ್ಕಾರು ಮನೆಗಳಲ್ಲಿ ಇದು ಚೆನ್ನಾಗಿ ನಡೆಯಿತು. ಯಾವುದನ್ನೂ ಕೊಳ್ಳಲಿಲ್ಲ. ಆ ಕಾಲದಲ್ಲಿ ನಾನು ನೆಟ್ಟಗೆ ಒಂದು ಲೋಟ ಕಾಫಿಯನ್ನೂ ಕುಡಿಯಲಿಲ್ಲ.

ಅಷ್ಟರಲ್ಲಿ ಎರಡು ಸಂಗತಿ ಆದವು. ನಾವು ಬಾಡಿಗೆಗಿದ್ದ ಆಲೂರಿನ ಮನೆಯ ಓನರ್ ಬಂದು, ಮನೆ ಮಾರುತ್ತೇನೆ, ಸ್ಕೂಲು ಶುರುವಾಗುವ ಹೊತ್ತಿಗೆ ಖಾಲಿ ಮಾಡಿಕೊಡಿ ಎಂದರು. ಇನ್ನೊಂದು, ನಿಮ್ಮಮ್ಮ ಟೈಲರಿಂಗ್ ಮಾಡಿ, ಚೀಟಿ ಕಟ್ಟಿ ಕೊಂಡಿದ್ದ ಸೈಟನ್ನು ನಿಮ್ಮಪ್ಪ ಮಾರಿಸಿದರು. ಮುಂದಿನ ಮನೆಯನ್ನು ಕೊಂಡು ಮಾರಿದರೆ ಬರುವ ದುಡ್ಡಿನಲ್ಲಿ ಸೈಟಿನ ಬದಲು ಕಟ್ಟಿದ ಮನೆಯನ್ನೇ ತೆಗೆದುಕೊಳ್ಳಬಹುದು ಎಂಬುದು ಅವರ ಲೆಕ್ಕ. ನಿಮ್ಮಮ್ಮ ಸಹಿ ಹಾಕಿ ಬಂದಳು. ಸಾಯಂಕಾಲ ನನಗೆ ಇಷ್ಟೇ ಹೇಳಿದಳು, 'ಇದು ಹೋದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲವ್ವ. ನೀನು ಸರಿಯಾಗಿ ನೋಡ್ಬೇಕು.'

ಮಾರಾಟಕ್ಕಿದ್ದ ಆ ಮುಂದಿನ ಮನೆ ಯಸಳೂರಿನಿಂದ ಸ್ವಲ್ಪ ಒಳಗೆ, ರಸ್ತೆ ಪಕ್ಕದಲ್ಲೇ ಇತ್ತು. ಕಾಫಿಗೆ ಒಳ್ಳೆಯ ಬೆಲೆ ಬಂದಿದ್ದ ಕಾಲದಲ್ಲಿ ಕಟ್ಟಿಸಿದ ಎರಡು ಅಂತಸ್ತಿನ ತಾರಸಿ ಮನೆ. ನಿಮ್ಮಮ್ಮ ನಿಮ್ಮ ಸ್ಕೂಲಿನ ಮೀಟಿಂಗಿಗೆ ಹೋಗಬೇಕಿತ್ತು. ಹಾಗಾಗಿ ಮೇಸ್ತ್ರಿಯ ವ್ಯಾನಿನಲ್ಲಿ ನಿಮ್ಮಪ್ಪ, ಮೇಸ್ತ್ರಿ, ನಾನು, ಮೂರೇ ಜನ ಹೋದೆವು. ನಿಮ್ಮಪ್ಪನ ಜೇಬಿನಲ್ಲಿ ಮುಂಗಡಕ್ಕೆಂದು ಎರಡು ಲಕ್ಷವಿತ್ತು. ಸೈಟಿನ ದುಡ್ಡು.

ನಡುಮನೆ ಚೆನ್ನಾಗಿತ್ತು. ಹೊಸ ಬಣ್ಣ ಬಳಿದಿದ್ದರು. ಬಿಳಿ ಸೀಲಿಂಗಿನ ನಡುವೆ ಎಲೆಬಳ್ಳಿಯ ಚಿತ್ತಾರವಿತ್ತು. ಮನೆಯ ಯಜಮಾನರು ದೊಡ್ಡ ದನಿಯ ಮನುಷ್ಯ. 'ಅಳೀಯಪ್ಪ ಅಳಿ, ಎಲ್ಲಿ ಬೇಕಾದ್ರೂ ಅಳಿ. ಈ ಮನೆಗೆ ನಾನು ಹಾಕ್ಸಿರೋ ಸಿಮೆಂಟಲ್ಲಿ ಸೇತುವೆ ಕಟ್ಬೋದಿತ್ತು ಮಾರಾಯ' ಅಂದರು. ಕೆಂಪು ಚುಕ್ಕೆ ಗೋಡೆಯಿಂದ ಗೋಡೆಗೆ ಹಾರಿತು. ಮೇಸ್ತ್ರಿ ಬಾಗಿಲಾಚೆ ಬಿಟ್ಟಿದ್ದ ಯಜಮಾನರ ಚಪ್ಪಲಿಯನ್ನೂ ನಿಮ್ಮಪ್ಪನ ಚಪ್ಪಲಿಯನ್ನೂ ನೋಡಿ, 'ನಾಲ್ಕಕ್ಕೆ ಮುಗಿಸ್ಬೋದು' ಅಂದ. ಆಪೂ ನಾಲ್ಕು ಅಂದಿತು.

ಯಜಮಾನರ ಹೆಂಡತಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಹೆಚ್ಚು ಕಡಿಮೆ ನನ್ನ ವಯಸ್ಸಿನವರು. ನಮ್ಮವರೇ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತು ಅವರು ರಬ್ಬರ್ ಚಪ್ಪಲಿ ಮೆಟ್ಟಿಕೊಂಡರು. ನಮ್ಮ ಜನ ಚಪ್ಪಲಿಯನ್ನು ಒಲೆಯ ಹತ್ತಿರಕ್ಕೂ ಸೇರಿಸುವುದಿಲ್ಲ. ಹೊರಗಿಂದ ಬಂದವರ ಎದುರಿಗೇ ಹಾಗೆ ಮೆಟ್ಟುತ್ತಾರೆಂದರೆ ಅದು ಮೈಗೆ ಹತ್ತಿದ ಅಭ್ಯಾಸ. ಅವರು ಮರದ ಸೌಟಿನ ತುದಿಯಿಂದ ಸ್ವಿಚ್ ಒತ್ತಿ ದೀಪ ಹಾಕಿದಾಗ ಗೊತ್ತಾಯಿತು. ಗೋಡೆಯಲ್ಲೇ ಕರೆಂಟ್ ಹರಿಯುತ್ತಿತ್ತು. ಅಂದರೆ ಮಳೆಗಾಲದಲ್ಲಿ ತಾರಸಿಯ ನೀರು ವೈರಿನ ಪೈಪಿಗೆ ಇಳಿದು ವೈರು ಕೆಟ್ಟಿದೆ.

ಆಮೇಲೆ ನೋಡುವುದೇನೂ ಉಳಿಯಲಿಲ್ಲ. ಆದರೂ ನೋಡಿದೆ. ಗ್ಯಾಸ್ ಒಲೆಯ ಮೇಲ್ಗಡೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು, ಅದರ ಮರೆಯಲ್ಲಿ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ನೆಲದ ಮೇಲೆ ಗುಂಡನೆಯ ಕಲೆ ಐದು. ತಾರಸಿಯನ್ನು ಅರ್ಧ ಒಡೆದು ಮತ್ತೆ ಹಾಕಬೇಕು, ವೈರಿಂಗ್ ಪೂರ್ತಿ ಕಿತ್ತು ಹೊಸದು ಎಳೆಯಬೇಕು. ಎಂಟು ಲಕ್ಷಕ್ಕೆ ಕಡಿಮೆ ಇಲ್ಲ. ಕಾಫಿಯನ್ನು ಮುಟ್ಟಬಾರದು ಎಂದು ಗಟ್ಟಿ ಮಾಡಿಕೊಂಡೆ.

ಆಕೆ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಬೆಲ್ಲ ಹಾಕಿ ಬೆರೆಸಿ, ನನ್ನ ಕೈಗೆ ಲೋಟ ಕೊಟ್ಟು ಎದುರಿಗೇ ಮಣೆ ಹಾಕಿಕೊಂಡು ಕೂತುಬಿಟ್ಟರು.

'ಕುಡೀರಿ ಅಕ್ಕ, ಆರೋಗುತ್ತೆ.'

'ಕಾಫಿ ಕಮ್ಮಿ ಮಾಡಿದೀನಿ' ಅಂದೆ.

'ಶುಗರಾ? ತಡೀರಿ, ಬೆಲ್ಲ ಹಾಕದೆ ಇನ್ನೊಂದು ಮಾಡ್ತೀನಿ.'

'ಬ್ಯಾಡಿ ಬ್ಯಾಡಿ, ಶುಗರ್ ಇಲ್ಲ.'

'ಮತ್ತೇನ್ ಬಂತು? ನಮ್ಮ ತೋಟದ್ದೇ ಬೀಜ, ನಾನೇ ಹುರಿದಿರೋದು. ಚೆನ್ನಾಗಿಲ್ವಾ?'

ಹೆಣ್ಣುಮಗಳೊಬ್ಬಳು ತಾನೇ ಹುರಿದ ಕಾಫಿ ಚೆನ್ನಾಗಿಲ್ಲವಾ ಎಂದು ಮುಖ ನೋಡಿ ಕೇಳಿದರೆ ಏನು ಮಾಡುವುದು. ಒಂದು ಗುಟುಕು ಕುಡಿದೆ. ಅವರು ನೋಡುತ್ತಲೇ ಇದ್ದರು. ಎಂಟು ಲಕ್ಷ ಆರಾಯಿತು, ಆರು ನಾಲ್ಕಾಯಿತು. ಎರಡಕ್ಕೆ ನಿಲ್ಲಿಸೋಣ ಎಂದುಕೊಂಡೆ. 'ತಳದಲ್ಲಿ ಬಿಟ್ರೆ ನಂಗೆ ಬೇಜಾರಾಗುತ್ತೆ ಕಣಕ್ಕ' ಅಂದರು. ನಾಚಿಕೆಯ ಸ್ವಭಾವದವರಿಗೆ ಬೇಡ ಎನ್ನಲು ಬರುವುದಿಲ್ಲ. ಲೋಟ ಖಾಲಿಯಾಯಿತು. ಮನಸ್ಸಿನಲ್ಲಿ ನಿಮ್ಮಮ್ಮನ ಸೈಟು ಸುಳಿಯಿತು.

ಆಕೆ ಹಾಲಿನ ಪಾತ್ರೆ ಎತ್ತಿಡಲು ತಿರುಗಿದಾಗ ನಲ್ಲಿಯ ಕೆಳಗೆ ಲೋಟ ಹಿಡಿದು ಕಂಠದ ತನಕ ನೀರು ತುಂಬಿದೆ. ನಲ್ಲಿಯನ್ನು ಮುಟ್ಟಿದ ಕೈ ಜುಂ ಎಂದಿತು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ. ತಂದು ನಡುಮನೆಯ ಬಾಗಿಲ ಹತ್ತಿರ ಇಟ್ಟೆ. ನಿಮ್ಮಪ್ಪ ಪೆನ್ನು ಬೀಳಿಸಿ, ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿ ನೋಡಿದರು. ನೀರು ಇದ್ದರೆ ಏನರ್ಥ ಎಂದು ನಾವು ಮಾತಾಡಿಕೊಂಡಿರಲಿಲ್ಲ. ಅವರು ಒಂದು ಗಳಿಗೆ ಯೋಚಿಸಿದರು. ಕಾಫಿಯ ಕುರುಹೂ ಇಲ್ಲದ ಹಾಗೆ ತೊಳೆದಿಟ್ಟಿದ್ದಾರೆ, ಅಂದರೆ ಬಣ್ಣವೂ ಬೇಕಾಗಿಲ್ಲ ಎಂದು ತೀರ್ಮಾನಿಸಿದರು. ಮುಖ ಅರಳಿತು. 'ಆಯ್ತು ಯಜಮಾನ್ರೆ, ಎಲೆಯಡಿಕೆ ತರ್ಸಿ' ಅಂದರು.

ಎಲೆಯಡಿಕೆಯ ತಟ್ಟೆ ಬಂತು. ಅದರ ಮೇಲೆ ದುಡ್ಡಿಟ್ಟು ಕೊಟ್ಟು, ಆ ಕಡೆಯವರು ತಟ್ಟೆ ಎತ್ತಿಕೊಂಡರೆ ಮಾತು ಮುಗಿದ ಹಾಗೆ, ಆಮೇಲೆ ಯಾವ ಕಾಗದವೂ ಅದನ್ನು ತಿದ್ದಲಾರದು. ನಿಮ್ಮಪ್ಪ ದುಡ್ಡಿನ ಕಟ್ಟನ್ನು ಎಲೆಗಳ ಮೇಲಿಟ್ಟರು. ನಾನು ಬಾಗಿಲಲ್ಲಿ ನಿಂತು 'ತಡೀರಿ' ಅಂದೆ. ಯಾರಿಗೂ ಕೇಳಲಿಲ್ಲ. ನನಗೇ ಸರಿಯಾಗಿ ಕೇಳಲಿಲ್ಲ. ಯಜಮಾನರು ತಟ್ಟೆಗೆ ಕೈ ಚಾಚಿದರು. ನಾನು ನಡುಮನೆಯ ಮಧ್ಯಕ್ಕೆ ಹೋಗಿ ನಿಂತೆ. ಮೂರು ಜನ ಗಂಡಸರ ನಡುವೆ ನಾನು ನಿಂತದ್ದು ಮದುವೆಯಾದ ಮೇಲೆ ಅದೇ ಮೊದಲು.

'ತಾರಸಿ ಒಡೀಬೇಕು' ಅಂದೆ. 'ವೈರಿಂಗ್ ಕೀಳ್ಬೇಕು. ಎಂಟು ಲಕ್ಷ ಆಗುತ್ತೆ. ನಾಲ್ಕಲ್ಲ.'

ಅಳಿಯನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ನಿಮ್ಮಪ್ಪ ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಮೇಸ್ತ್ರಿ ಕಿಟಕಿಯ ಹೊರಗೆ ನೋಡಿದ. ಯಜಮಾನರ ಮುಖ ಕೆಂಪಾಯಿತು. 'ಏನಮ್ಮ, ನಮ್ಮನೇಲಿ ಕೂತು ಕಾಫಿ ಕುಡಿದು, ನಮ್ಮನೆ ತಾರಸಿ ಒಡೀಬೇಕು ಅಂತೀರಲ್ಲ' ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮನೆಯಾಕೆಗೆ ಎಷ್ಟು ನೋವಾಯಿತೋ ಎಂದು ತಿರುಗಿ ನೋಡಿದೆ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಬಂದದ್ದು ನನ್ನ ಮೇಲಲ್ಲ.

'ಎಷ್ಟು ವರ್ಷದಿಂದ ಬಡ್ಕೋತಾ ಇದೀನಿ ಕಣ್ರೀ ನಾನು? ಒಂದಿನ, ಒಂದಿನ ಅಡುಗೆಮನೆ ಕಡೆ ತಲೆ ಹಾಕಿದೀರಾ? ಚಿತ್ತಾರ ಹಾಕ್ಸಿದ್ರಿ ಚಿತ್ತಾರ, ನಡುಮನೆಗೆ. ಅದ್ರ ಮೇಲ್ಗಡೆ ಸೋರೋದು ಕಾಣ್ಬಾರ್ದು ಅಂತ.'

'ನೀನು ಸುಮ್ನಿರು' ಅಂದರು ಯಜಮಾನರು.

'ಇಷ್ಟು ದಿನ ಸುಮ್ನಿದ್ದಿದ್ಕೇ ಚಪ್ಪಲಿ ಹಾಕ್ಕೊಂಡು ಅನ್ನ ಮಾಡ್ತಾ ಇರೋದು ನಾನು. ಎಂಟಂತೆ. ಈ ಅಕ್ಕ ಮಹಡಿ ಹತ್ತಿಲ್ಲ, ಅದ್ಕೇ ಎಂಟು ಅಂತಾವ್ರೆ. ಮೇಲಿನ ಎರಡು ಬಾತ್‌ರೂಮಿಂದು ನೀರು ಎಲ್ಲಿಗೆ ಹೋಗುತ್ತೆ ಅಂತ ಕಟ್ಟಿಸಿದೋರಿಗೇ ಗೊತ್ತಿಲ್ಲ. ಮೆಟ್ಲು ಕೆಳಗೆ ಗೆದ್ದಲು ಗೂಡು ಕಟ್ಬುಟ್ಟೈತೆ. ಹಿಂದ್ಗಡೆ ಗೋಡೆ ಬಿರುಕಲ್ಲಿ ನನ್ನ ಕೈ ಹೋಗುತ್ತೆ.'

ನಾನು ಬೆರಳು ಮಡಿಚುತ್ತಾ ಕೇಳಿಸಿಕೊಂಡೆ. ಹನ್ನೊಂದು ಲಕ್ಷದ ಹತ್ತಿರ ಬಂತು. ಇಷ್ಟು ವರ್ಷ ಅಡುಗೆಮನೆಗಳನ್ನು ನೋಡಿ ಅಂದಾಜು ಕಟ್ಟಿದವಳು ನಾನು, ಅಡುಗೆಮನೆಯವರನ್ನೇ ಒಂದು ಮಾತು ಕೇಳಬಹುದು ಎಂದು ನನಗೆ ಹೊಳೆದಿರಲಿಲ್ಲ. ಕೆಂಪು ಚುಕ್ಕೆಯನ್ನು ನೋಡಿ ನಗುತ್ತಿದ್ದವಳಿಗೆ ಮೂರು ಲಕ್ಷದ ತಪ್ಪು ಬಂದಿತ್ತು.

ದುಡ್ಡು ಎಲೆಯ ಮೇಲಿತ್ತು. ಇಟ್ಟದ್ದಾಗಿತ್ತು, ಎತ್ತಿದ್ದಾಗಿರಲಿಲ್ಲ. ಯಜಮಾನರು ಬೇಕಿದ್ದರೆ ಎತ್ತಿಕೊಳ್ಳಬಹುದಿತ್ತು, ಎತ್ತಿಕೊಂಡಿದ್ದರೆ ನಿಮ್ಮಪ್ಪ ಏನೂ ಅನ್ನುವಂತಿರಲಿಲ್ಲ. ಅವರು ಒಂದು ಎಲೆ, ಒಂದು ಅಡಿಕೆ ಹೋಳು ಮಾತ್ರ ತೆಗೆದುಕೊಂಡು ತಟ್ಟೆಯನ್ನು ನಿಮ್ಮಪ್ಪನ ಕಡೆಗೆ ತಳ್ಳಿದರು. 'ತಗೊಳಪ್ಪ. ಮೊದ್ಲು ನಮ್ಮನೆ ಒಳಗಿನ ವ್ಯಾಪಾರ ಬಗೆಹರೀಲಿ' ಅಂದರು.

ಮೇಸ್ತ್ರಿಗೆ ಬೇರೆಲ್ಲೋ ಕೆಲಸವಿದ್ದದ್ದು ಆಗಲೇ ನೆನಪಾಗಿ ವ್ಯಾನು ಹೊರಟುಹೋಯಿತು. ನಿಮ್ಮಪ್ಪ, ನಾನು ಯಸಳೂರಿನ ತನಕ ನಡೆದು ಸಕಲೇಶಪುರದ ಬಸ್ಸು ಹಿಡಿದೆವು. ಸೀಟು ಸಿಕ್ಕಿದ್ದು ನನಗೆ. ಅವರು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದರು. ಎಷ್ಟೋ ತಿರುವು ಕಳೆದ ಮೇಲೆ ಬಗ್ಗಿ ಕೇಳಿದರು. ಮಗಳ ಮೂಲಕ ಅಲ್ಲ, ನನ್ನನ್ನೇ.

'ಅತ್ತೆ, ಈಗ ನಾವಿರೋ ಮನೆ ಐತಲ್ಲ, ಓನರ್ ಮಾರ್ತೀನಿ ಅಂದ್ರಲ್ಲ. ಅದ್ನ ರಿಪೇರಿ ಮಾಡಿದ್ರೆ ಎಷ್ಟಾಗ್ಬೋದು?'

ನಾವು ಎಂಟು ವರ್ಷ ಬಾಡಿಗೆಗಿದ್ದ ಮನೆ. ಊರೂರು ಸುತ್ತಿ ಮನೆ ಅಳೆದವರು, ಯಂತ್ರವನ್ನು ಅಲ್ಲಿ ಒಂದು ಸಲವೂ ಒತ್ತಿರಲಿಲ್ಲ. ಅದರ ಅಡುಗೆಮನೆಯಲ್ಲಿ ಮೂರು ಹೊತ್ತೂ ನಿಂತವಳು ನಾನು. 'ಮೂರೂವರೆ' ಅಂದೆ. ಅವರು ಆಪು ತೆಗೆಯಲಿಲ್ಲ.

ಸೈಟಿನ ದುಡ್ಡಿಗೆ ಬ್ಯಾಂಕಿನ ಸಾಲ ಸೇರಿಸಿ ಆ ಮನೆಯನ್ನೇ ಕೊಂಡೆವು. ಸ್ಕೂಲು ಶುರುವಾದಾಗ ನೀವು ಅದೇ ಬಾಗಿಲಿಂದ ಹೊರಟಿರಿ. ರಿಪೇರಿಗೆ ಮೂರೂವರೆ ಅಲ್ಲ, ನಾಲ್ಕೂ ಕಾಲು ಆಯಿತು. ಬಚ್ಚಲ ಬಾಗಿಲು ಕಿತ್ತಾಗ ಅದರ ಪಕ್ಕದ ಗೋಡೆಯೂ ಅರ್ಧ ಕಿತ್ತು ಬಂತು. ಎಂಟು ವರ್ಷ ಪ್ರತಿ ಬೆಳಗ್ಗೆ ಆ ಬಾಗಿಲನ್ನು ಭುಜ ಕೊಟ್ಟು ಎತ್ತಿ ತೆಗೆಯುತ್ತಿದ್ದೆ. ಎಲ್ಲರ ಮನೆಯಲ್ಲೂ ಅಂಥದ್ದನ್ನು ಹುಡುಕುತ್ತಿದ್ದವಳಿಗೆ ಇಲ್ಲಿ ಅದು ಬಾಗಿಲು ತೆಗೆಯುವ ರೀತಿ ಎಂದೇ ರೂಢಿಯಾಗಿಬಿಟ್ಟಿತ್ತು.

ಈ ಮನೆಗೆ ಈಗ ಇಷ್ಟು ಬರುತ್ತದೆ ಎಂದು ನಿಮ್ಮಪ್ಪ ತಿಂಗಳಿಗೊಂದು ಹೊಸ ಬೆಲೆ ಹೇಳುತ್ತಾರೆ. ನಿಮ್ಮಮ್ಮ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಹೊಲಿಗೆ ಮೆಶಿನ್ನಿನ ಮುಂದೆ ಹೋಗಿ ಕೂರುತ್ತಾಳೆ. ಮನೆಯ ಪತ್ರ ಎಲ್ಲಿಟ್ಟಿದ್ದಾಳೆಂದು ಅವರಿಗೆ ಇವತ್ತಿನ ತನಕ ಹೇಳಿಲ್ಲ. ನನಗೆ ಹೇಳಿದ್ದಾಳೆ.